ತಪಾಸಣೆಗೆ ಹೆಣ್ಣು ಬೇಕು, ದೂರು ಕೇಳಲು ಬೇಡವೇ?

ಮೊನ್ನೆ ಭಾನುವಾರ ಊಟದ ಹೊತ್ತಿಗೆ ನಮ್ಮ ಮನೆಯಲ್ಲಿ ನಡೆದ ಮಾತು ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ತಂಗಿಯ ಮಗಳು ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿದ್ದಾಳೆ. ಚಾಚಾ ಅನ್ನ ಕಲಸುತ್ತಾ ಬಹಳ ಶಾಂತವಾಗಿಯೇ ಹೇಳಿದರು: "ವಿಮಾನ ನಿಲ್ದಾಣದಲ್ಲಿ ಹೆಂಗಸರನ್ನು ತಪಾಸಣೆ ಮಾಡುವ ಕೆಲಸ ಸಿಕ್ಕರೆ ಮಾಡಲಿ ಬೇಟಾ, ಅದಕ್ಕೆ ಹೆಣ್ಣೇ ಬೇಕು. ಠಾಣೆಯಲ್ಲಿ ಕುಳಿತು ಊರವರ ಜಗಳ ಕೇಳುವುದು ನಮ್ಮ ಹುಡುಗಿಯರಿಗೆ ಹೇಳಿಸಿದ್ದಲ್ಲ."

ಹುಡುಗಿ ತಟ್ಟೆ ನೋಡುತ್ತಾ ಕುಳಿತಳು. ನಾನೂ ಸುಮ್ಮನಿದ್ದೆ. ಆಗ ಸುಮ್ಮನಿದ್ದದ್ದಕ್ಕೇ ಈಗ ಇಷ್ಟುದ್ದ ಬರೆಯುತ್ತಿದ್ದೇನೆ.

ಚಾಚಾ ಕೆಟ್ಟವರಲ್ಲ. ನನ್ನ ಕಾಲೇಜಿನ ಶುಲ್ಕ ಕಟ್ಟಿದವರು ಅವರೇ. ಆದರೆ ಅವರು ಆಡಿದ ಮಾತು ಅವರೊಬ್ಬರದ್ದಲ್ಲ. ಲಾಹೋರಿನಿಂದ ಕಾಬೂಲಿನವರೆಗೆ ಆಳುವವರು, ಮನೆಯ ಹಿರಿಯರು ಇದನ್ನೇ ಬೇರೆ ಬೇರೆ ಮಾತಿನಲ್ಲಿ ಹೇಳಿಕೊಂಡು ಬಂದಿದ್ದಾರೆ. ಹೆಣ್ಣಿನ ಮೈ ತಡವಿ ನೋಡಲು ಹೆಣ್ಣು ಪೊಲೀಸ್ ಬೇಕು, ಹೆಣ್ಣಿನ ಮಾತು ಕೇಳಲು ಬೇಡ.

ಕಾನೂನನ್ನೇ ನೋಡಿ. ಹೆಂಗಸನ್ನು ಇನ್ನೊಬ್ಬ ಹೆಂಗಸೇ ತಪಾಸಣೆ ಮಾಡಬೇಕು, ಮರ್ಯಾದೆಗೆ ಕುಂದು ಬಾರದಂತೆ ಮಾಡಬೇಕು ಎಂದು ಬ್ರಿಟಿಷರ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಬರೆದಿತ್ತು. ಪಾಕಿಸ್ತಾನ ಇಂದಿಗೂ ತಿದ್ದುಪಡಿಗಳೊಡನೆ ಅದೇ ಸಂಹಿತೆಯನ್ನು ಇಟ್ಟುಕೊಂಡಿದೆ. ಅತ್ಯಾಚಾರಕ್ಕೆ ಒಳಗಾದವಳ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು ಎಂಬ ಮಾತು ನಮ್ಮ ಭಾರತದ ಕಾನೂನಿಗೆ ಬಂದದ್ದು 2013ರಲ್ಲಿ. ತಪಾಸಣೆಯಿಂದ ದೂರಿನವರೆಗೆ ಬರಲು ನಮಗೆ 115 ವರ್ಷ ಬೇಕಾಯಿತು. ಹಾಗಾಗಿ ಇದು ಮುಸ್ಲಿಮರ ಮನೆಯ ರೋಗ ಮಾತ್ರ ಎಂದು ಯಾರೂ ಇಲ್ಲಿ ಬೆರಳು ತೋರಿಸಬೇಡಿ. ನನ್ನ ಮನೆಯ ಮಾತನ್ನು ನಾನು ಆಡುತ್ತಿದ್ದೇನೆ, ಅಷ್ಟೇ.

"ಇದೆಲ್ಲ ಪಶ್ಚಿಮದವರು ತಂದದ್ದು, ನಮ್ಮ ದೀನ್‌ಗೆ, ಧರ್ಮಕ್ಕೆ, ಹೊಂದುವುದಿಲ್ಲ" ಎನ್ನುವವರಿಗೆ ಇಂಡೊನೇಷ್ಯಾದ ಬುಕಿಟಿಂಗಿ ಊರಿನ ಕಥೆ ಹೇಳಬೇಕು. 1948. ಡಚ್ಚರ ದಾಳಿಗೆ ಹೆದರಿ ಜನ ನಿರಾಶ್ರಿತರಾಗಿ ಬರುತ್ತಿದ್ದರು. ಗಂಡು ಪೊಲೀಸರು ಮುಟ್ಟಿ ತಪಾಸಣೆ ಮಾಡಲು ಹೆಂಗಸರು ಒಪ್ಪಲಿಲ್ಲ. ಪೊಲೀಸರು ತಮ್ಮ ಹೆಂಡಂದಿರನ್ನೇ ಕರೆತಂದು ಆ ಕೆಲಸ ಮಾಡಿಸಬೇಕಾಯಿತು. ಆಗ ಹೆಣ್ಣುಮಕ್ಕಳನ್ನು ಪೊಲೀಸ್ ತರಬೇತಿಗೆ ಸೇರಿಸಿಕೊಳ್ಳಿ ಎಂದು ಸರ್ಕಾರವನ್ನು ಕೇಳಿದವರು ಯಾರು? ಆ ಊರಿನ ಮಹಿಳಾ ಸಂಘಟನೆಗಳು ಮತ್ತು ಇಸ್ಲಾಮಿಕ್ ಸಂಘಟನೆಗಳು. ಸೆಪ್ಟೆಂಬರ್ 1ರಂದು ಆರು ಹುಡುಗಿಯರ ತರಬೇತಿ ಶುರುವಾಯಿತು, ಇಂದಿಗೂ ಅಲ್ಲಿ ಅದೇ ಮಹಿಳಾ ಪೊಲೀಸರ ದಿನ. ಆ ಊರಿನ ಮಿನಾಂಗ್‌ಕಬಾವ್ ಜನರಲ್ಲಿ ನಮ್ಮ ತುಳುನಾಡಿನ ಅಳಿಯಕಟ್ಟಿನ ಹಾಗೆ ಹೆಣ್ಣಿನ ಕಡೆಯಿಂದಲೇ ಆಸ್ತಿ ಹೋಗುತ್ತದೆ, ನಮಾಜೂ ನಡೆಯುತ್ತದೆ.

ಅಲ್ಲಿಯೂ ಬಾಗಿಲು ತೆರೆದದ್ದು ತಪಾಸಣೆಗಾಗಿಯೇ ಎನ್ನುವುದನ್ನು ಮರೆಯುವುದಿಲ್ಲ. ಆದರೆ ಬಾಗಿಲು ಅಲ್ಲೇ ನಿಲ್ಲಲಿಲ್ಲ.

ಈಗ ಅಫ್ಘಾನಿಸ್ತಾನ. ಕಂದಹಾರಿನ ಮಲಾಲೈ ಕಾಕರ್ ಎಂಬ ಪೊಲೀಸ್ ಅಧಿಕಾರಿಯ ಬಗ್ಗೆ ಓದಿದಾಗಿನಿಂದ ಆಕೆ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದ್ದಾರೆ. ಆರು ಮಕ್ಕಳ ತಾಯಿ. ಹೆಂಗಸರ ಮೇಲಿನ ಅಪರಾಧಗಳ ವಿಭಾಗದ ಮುಖ್ಯಸ್ಥೆ. ಬುರ್ಖಾ ತೊಟ್ಟು, ಅದರೊಳಗೆ ಬಂದೂಕು ಇಟ್ಟುಕೊಂಡು ಓಡಾಡುತ್ತಿದ್ದರು. ಗಂಡು ಪೊಲೀಸರು ಹೊಸಿಲು ದಾಟಲಾಗದ ಮನೆಗಳಿಗೆ ಅವರು ಹೋಗುತ್ತಿದ್ದರು. 2008ರ ಸೆಪ್ಟೆಂಬರ್ 28ರ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ತಾಲಿಬಾನಿಗಳು ಗುಂಡಿಕ್ಕಿದರು. ಪಕ್ಕದಲ್ಲಿ ಮಗನಿದ್ದ.

ಅಂಥವರ ದಾರಿಯಲ್ಲಿ ಬಂದ ಹುಡುಗಿಯರಿಗೆ ವ್ಯವಸ್ಥೆ ಏನು ಕೊಟ್ಟಿತು? 2013ರ ಹೊತ್ತಿಗೆ ಆ ದೇಶದ ಪೊಲೀಸರಲ್ಲಿ ಹೆಂಗಸರು ನೂರಕ್ಕೆ ಒಬ್ಬರಷ್ಟೇ ಇದ್ದರು. ಅವರಿಗೂ ಹೆಚ್ಚಿನ ಠಾಣೆಗಳಲ್ಲಿ ಪ್ರತ್ಯೇಕ ಶೌಚಾಲಯ ಇರಲಿಲ್ಲ. ಇಬ್ಬಿಬ್ಬರಾಗಿ ಹೋಗುತ್ತಿದ್ದರು, ಒಬ್ಬಳು ಒಳಗೆ, ಇನ್ನೊಬ್ಬಳು ಬಾಗಿಲಲ್ಲಿ ಕಾವಲು. ಕಾವಲು ತಮ್ಮದೇ ಸಹೋದ್ಯೋಗಿಗಳ ವಿರುದ್ಧ. ಸಮಾನತೆಯ ಭಾಷಣ ಮಾಡುವವರು ಮೊದಲು ಆ ಬಾಗಿಲಿಗೆ ಒಂದು ಚಿಲಕ ಹಾಕಿಸಬೇಕಿತ್ತು.

2021ರ ಆಗಸ್ಟ್‌ನಲ್ಲಿ ತಾಲಿಬಾನ್ ಬಂತು. ಮಹಿಳಾ ಪೊಲೀಸರು ಕೆಲಸ ಕಳೆದುಕೊಂಡು ಮನೆಯೊಳಗೆ ಅಡಗಿದರು. ಆದರೆ ತಿಂಗಳು ಕಳೆಯುವುದರೊಳಗೆ ಕಾಬೂಲ್ ವಿಮಾನ ನಿಲ್ದಾಣಕ್ಕೆ ಕೆಲವು ಹೆಂಗಸರು ಮರಳಿ ಬಂದರು. ಏಕೆ? ಹೆಂಗಸರ ತಪಾಸಣೆಗೆ. ಚಾಚಾ ಊಟದಲ್ಲಿ ಆ ಮಾತು ಹೇಳಿದಾಗ ನನ್ನ ಕೈ ತಟ್ಟೆಯಲ್ಲೇ ನಿಂತದ್ದು ಇದಕ್ಕೆ.

ಪಾಕಿಸ್ತಾನದ ಲಾಹೋರಿನ ವಿಡಿಯೊವನ್ನು ನೀವೂ ನೋಡಿರುತ್ತೀರಿ, 2024ರ ಫೆಬ್ರವರಿಯದ್ದು. ಇಚ್ರಾ ಬಜಾರಿನ ಹೋಟೆಲೊಂದರ ಮೂಲೆಯಲ್ಲಿ ಒಬ್ಬ ಹೆಣ್ಣುಮಗಳು ಮುಖ ಮುಚ್ಚಿಕೊಂಡು ಕುಳಿತಿದ್ದಾಳೆ. ಉಡುಪಿನ ಮೇಲೆ ಅರಬ್ಬಿ ಅಕ್ಷರಗಳಿವೆ. ಕುರ್‌ಆನಿನ ಸಾಲು ಎಂದುಕೊಂಡು ಹೊರಗೆ ಗುಂಪು ಕೂಗುತ್ತಿದೆ. ಬರೆದಿದ್ದದ್ದು 'ಹಲ್ವಾ', ಚೆಂದ, ಸಿಹಿ ಎಂದರ್ಥ. ಎಎಸ್‌ಪಿ ಶೆಹರ್‌ಬಾನೊ ನಕ್ವಿ ಹೋಟೆಲಿನ ಬಾಗಿಲಲ್ಲಿ ನಿಂತು ಆ ಗಂಡಸರ ಗುಂಪಿಗಿಂತ ದೊಡ್ಡ ದನಿಯಲ್ಲಿ ಮಾತಾಡಿದರು. ಆಕೆಗೆ ಕಪ್ಪು ನಿಲುವಂಗಿ ಹೊದಿಸಿ, ಬಿಗಿಯಾಗಿ ಹಿಡಿದುಕೊಂಡು, ಗುಂಪಿನ ನಡುವೆಯೇ ಹೊರಗೆ ತಂದರು. ಆಮೇಲೆ ತಪ್ಪೇ ಮಾಡದ ಆ ಹೆಣ್ಣುಮಗಳಿಂದ ಕ್ಯಾಮೆರಾದ ಮುಂದೆ ಕ್ಷಮೆ ಕೇಳಿಸಿದರು, ಅದು ನನ್ನನ್ನು ಇಂದಿಗೂ ಉರಿಸುತ್ತದೆ. ಆದರೂ ಆಕೆ ಜೀವಂತ ಮನೆಗೆ ಹೋದಳು. ನಕ್ವಿಯವರು ತಪಾಸಣೆಯ ಪರದೆಯ ಹಿಂದೆಯೇ ಇದ್ದಿದ್ದರೆ?

ಹೆಂಗಸು ಠಾಣೆಯಲ್ಲಿ ಕುಳಿತ ಮಾತ್ರಕ್ಕೆ ನ್ಯಾಯ ಸಿಗುತ್ತದೆಯೇ ಎಂದು ಕೇಳುವ ಗೆಳೆಯರಿದ್ದಾರೆ. ಬೆನಜೀರ್ ಭುಟ್ಟೊ 1994ರಲ್ಲಿ ರಾವಲ್ಪಿಂಡಿಯಲ್ಲಿ ಮಹಿಳಾ ಠಾಣೆ ತೆರೆದರು, ಅದರಿಂದ ಏನಾಯಿತು ಎನ್ನುತ್ತಾರೆ. "ಹೊಂದಿಕೊಂಡು ಹೋಗಮ್ಮ" ಎಂದು ವಾಪಸ್ ಕಳಿಸುವ ಮಹಿಳಾ ಅಧಿಕಾರಿಗಳೂ ಇದ್ದಾರೆ ಎನ್ನುತ್ತಾರೆ. ಇದ್ದಾರೆ, ಒಪ್ಪಿದೆ. ಆದರೆ ಹಾಗೆಯೇ ಹೇಳಿ ಕಳಿಸಿದ ಗಂಡು ಅಧಿಕಾರಿಗಳು ಎಷ್ಟು ಜನ? ಅವರನ್ನು ನೋಡಿ ಗಂಡಸರ ನೇಮಕವನ್ನೇ ನಿಲ್ಲಿಸಿ ಎಂದವರನ್ನು ನಾನು ಕಂಡಿಲ್ಲ. ಅವಳಿಗೆ ವಾಹನ ಕೊಡಿ, ಸಿಬ್ಬಂದಿ ಕೊಡಿ, ತನಿಖೆ ಮಾಡುವ ಅಧಿಕಾರ ಕೊಡಿ, ಆಮೇಲೆ ಲೆಕ್ಕ ಕೇಳಿ.

ಇಷ್ಟು ಕೋಪ ಏಕೆಂದು ಹೇಳಿಬಿಡುತ್ತೇನೆ. ಆಪಾಳನ್ನು, ಅಂದರೆ ನನ್ನ ಅಕ್ಕನನ್ನು, ಕೇಳಿಯೇ ಬರೆಯುತ್ತಿದ್ದೇನೆ.

ಹದಿನೆಂಟು ವರ್ಷಗಳ ಹಿಂದೆ ಆಪಾಳನ್ನು ಠಾಣೆಯೊಳಗೆ ಕರೆದುಕೊಂಡು ಹೋದವಳು ನಾನು. ಮೇಜಿನ ಆಚೆ ಮೂವರು ಗಂಡಸರು. ಪಕ್ಕದ ಬೆಂಚಿನಲ್ಲಿ ಇಸ್ಪೀಟಿನ ಕೇಸಿನಲ್ಲಿ ಸಿಕ್ಕಿಬಿದ್ದ ಹುಡುಗರು. "ಎಲ್ಲಿ ಹೊಡೆದರು, ಹೇಳಿ" ಎಂದು ಬರೆದುಕೊಳ್ಳುವವರು ಕೇಳಿದರು. ಒರಟಾಗಿ ಕೇಳಲಿಲ್ಲ, ಕೇಳಬೇಕಾದ್ದನ್ನೇ ಕೇಳಿದರು. ಬರೆ ಬಿದ್ದದ್ದು ತೊಡೆಯ ಮೇಲೆ. ಆಪಾ ಬುರ್ಖಾದ ತೋಳಿನ ಅಂಚನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಆಮೇಲೆ, "ಮೆಟ್ಟಿಲಿಂದ ಜಾರಿ ಬಿದ್ದೆ" ಎಂದಳು. ಅವರು ಪೆನ್ನಿಗೆ ಮುಚ್ಚಳ ಹಾಕಿದರು. ಇನ್ನೂ ಆರು ವರ್ಷ ಆಪಾ ಅದೇ ಮನೆಯಲ್ಲಿದ್ದಳು.

ಅಂದು ಅಲ್ಲಿ ಆಪಾಳನ್ನು ತಪಾಸಣೆ ಮಾಡುವವರು ಯಾರೂ ಬೇಕಿರಲಿಲ್ಲ. ಒಳಗಿನ ಕೋಣೆಗೆ ಕರೆದು, ಬಾಗಿಲು ಹಾಕಿ, "ತೋರಿಸು" ಎನ್ನುವ ಒಬ್ಬ ಹೆಂಗಸು ಬೇಕಿತ್ತು.

ಚಾಚಾ, ನೀವು ಇದನ್ನು ಓದುತ್ತೀರಿ ಎಂದು ಗೊತ್ತು. ಅಂದು ಆಪಾಳನ್ನು ಠಾಣೆಯ ಮುಂದೆ ಸ್ಕೂಟರಿನಿಂದ ಇಳಿಸಿ ಗೇಟಿನ ಹೊರಗೆ ಕಾದಿದ್ದವರು ನೀವೇ. ಹುಡುಗಿಯ ಅರ್ಜಿಯ ಶುಲ್ಕ ನಾನು ಕಟ್ಟಿದ್ದೇನೆ. ಬರುವ ಭಾನುವಾರ ಊಟಕ್ಕೆ ಆಪಾಳೂ ಬರುತ್ತಾಳೆ.