ಕಲೆಗೆ ನಿಂಬೆಹಣ್ಣು

ಈ ಸಾಲು ಬರೆಯುವಾಗಲೂ ನನ್ನ ಕತ್ತರಿ ಡಬ್ಬಿಯಲ್ಲಿಲ್ಲ. ನಮ್ಮ ಮನೆಯವರು ಚಹಾ ಕುಡಿಯುತ್ತಾ ಕೂತಿದ್ದಾರೆ. ಅಂದರೆ ಹಾಲಿನ ಪ್ಯಾಕೆಟ್ ಒಡೆದಿದೆ. ಅಂದರೆ ಕತ್ತರಿ ಸಿಂಕಿನಲ್ಲಿದೆ.

ಮೂರೇ ಬಟ್ಟೆಯಲ್ಲಿ ಒಂದಡಿ ಚೌಕದ ಅಮೂರ್ತ ಕೌದಿಯೊಂದನ್ನು ಹೊಲಿದು ಗೋಡೆಗೆ ತೂಗುಹಾಕುವ ಹುಚ್ಚು ನನಗೆ ಹಿಡಿದು ತಿಂಗಳಾಯಿತು. ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಎಂಬ ಊರಿದೆ. ಅಲ್ಲಿಯ ಕಪ್ಪು ಹೆಂಗಸರು ಸವೆದ ಕೆಲಸದ ಬಟ್ಟೆಗಳನ್ನೇ ಕತ್ತರಿಸಿ ಹೊಲಿದ ಹೊದಿಕೆಗಳು 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದ ಗೋಡೆ ಏರಿದವು, 2006ರಲ್ಲಿ ಅಂಚೆಚೀಟಿಯೂ ಆದವು. ಕೆಲವುಗಳಲ್ಲಿ ಎರಡು ಮೂರು ಬಣ್ಣ, ನಾಲ್ಕು ಓರೆ ಪಟ್ಟಿ, ಮುಗಿಯಿತು. ನೋಡಿದವರಿಗೆ ‘ಇಷ್ಟೇನಾ’ ಅನ್ನಿಸುತ್ತದೆ. ನನಗೂ ಅನ್ನಿಸಿದ್ದೇ ತಪ್ಪಾಯಿತು. ಹತ್ತು ಬಟ್ಟೆ ಇದ್ದರೆ ಒಂದರ ತಪ್ಪನ್ನು ಇನ್ನೊಂದು ಮುಚ್ಚುತ್ತದೆ. ಮೂರೇ ಇದ್ದರೆ ಒಂದೊಂದು ಅಂಚೂ ತನ್ನ ಡೊಂಕನ್ನು ಊರಿಗೆಲ್ಲ ಸಾರುತ್ತದೆ.

ನನ್ನ ಮೂರು ಇವು: ಅಜ್ಜಿಯ ಇಳಕಲ್ ಸೀರೆಯ ಕೆಂಪು ಸೆರಗು, ಒಂದು ನೀಲಿ ಖಣ, ಮನೆಯವರ ಹಳೆಯ ಬಿಳಿ ಪಂಚೆ.

ಇನ್ನು ಕತ್ತರಿ. ಹಾಲಿನ ಪ್ಯಾಕೆಟ್ಟಿಗೆಂದೇ ಅಡುಗೆಮನೆಯಲ್ಲಿ ಬೇರೊಂದು ಕತ್ತರಿ ಮೊಳೆಗೆ ನೇತಾಡುತ್ತಿದೆ. ನಮ್ಮವರು ಅದನ್ನು ದಾಟಿ, ಹಜಾರ ದಾಟಿ, ಮಲಗುವ ಕೋಣೆಗೆ ಬಂದು, ನನ್ನ ಹೊಲಿಗೆ ಡಬ್ಬಿಗೇ ಕೈ ಹಾಕುತ್ತಾರೆ. ಕೇಳಿದರೆ, “ಅದು ಮೊಂಡು” ಎನ್ನುತ್ತಾರೆ. ಏಕೆ ಮೊಂಡಾಯಿತು? ಅದರಲ್ಲೇ ಕರೆಂಟಿನ ತಂತಿ ಸುಲಿದಿದ್ದರು. ಅದಕ್ಕೂ ಹಿಂದಿನದು ರಟ್ಟಿನ ಪೆಟ್ಟಿಗೆಗಳಿಗೆ ಬಲಿಯಾಯಿತು. ನಮ್ಮ ಮನೆಯ ಕತ್ತರಿಗಳು ನನ್ನ ಡಬ್ಬಿಯಲ್ಲಿ ಹುಟ್ಟಿ, ಅಡುಗೆಮನೆಯಲ್ಲಿ ಮುಪ್ಪಾಗಿ, ಸುತ್ತಿಗೆ ಸ್ಪ್ಯಾನರುಗಳ ನಡುವೆ ಪ್ರಾಣ ಬಿಡುತ್ತವೆ. ಹಿಡಿಗೆ ‘ಬಟ್ಟೆಗೆ ಮಾತ್ರ’ ಎಂದು ಚೀಟಿ ಅಂಟಿಸಿದೆ. ಮರುದಿನ ‘ಮಾತ್ರ’ದ ಮೇಲೆ ಹಾಲಿನ ಹನಿ ಬಿದ್ದು ಶಾಯಿ ಹರಡಿತ್ತು.

ಮೊನ್ನೆ ಪಂಚೆಗೆ ಕತ್ತರಿ ಇಟ್ಟರೆ ಅದು ಕತ್ತರಿಸಲಿಲ್ಲ, ಜಗಿಯಿತು. ಅಲಗಿನ ಬುಡದಲ್ಲಿ ಪ್ಯಾಕೆಟ್ಟಿನ ಮೂಲೆ, ಉಗುರಿನಷ್ಟು ತ್ರಿಕೋನ, ಒಣಗಿದ ಹಾಲಿನ ಅಂಟಿನಲ್ಲಿ ಆರಾಮವಾಗಿ ಕೂತಿತ್ತು. ಕೂಗಾಡಿದೆ. ಅವರಿಗೆ ನಿಜಕ್ಕೂ ಬೇಸರವಾಯಿತೆಂದು ಕಾಣುತ್ತದೆ. ರಾತ್ರಿ ಕತ್ತರಿಯನ್ನು ಸೋಪು ಹಾಕಿ ತೊಳೆದು, ಒರೆಸದೆ, ನನ್ನ ಕಣ್ಣಿಗೆ ಬೀಳಲೆಂದು ಕತ್ತರಿಸಿಟ್ಟ ಬಿಳಿ ತುಂಡಿನ ಮೇಲೆಯೇ ಇಟ್ಟು ಮಲಗಿದರು. ಬೆಳಿಗ್ಗೆ ನೋಡಿದರೆ ಬಿಳಿಯ ಮೇಲೆ ತುಕ್ಕಿನಲ್ಲಿ ಮೂಡಿದ ಕತ್ತರಿ! ಎರಡು ಅಲಗು, ನಡುವೆ ತಿರುಪಿನ ಗುಂಡು ಗುರುತು. ಇಡೀ ಯೋಜನೆಯಲ್ಲಿ ‘ಇದು ಇಂಥದ್ದೇ’ ಎಂದು ಗುರುತಿಸಬಹುದಾದ ಆಕಾರ ಅದೊಂದೇ. ಉಳಿದ ಪಂಚೆ ಎಲ್ಲಿ ಎಂದರೆ, ಸ್ಕೂಟರ್ ಒರೆಸಲು ಹೋಗಿತ್ತು.

ಅಜ್ಜಿಗೆ ಕತ್ತರಿಯ ಹಂಗೇ ಇರಲಿಲ್ಲ. ಅಂಚನ್ನು ಹಲ್ಲಿನಲ್ಲಿ ಕಚ್ಚಿ ಪರ್ರೆಂದು ಹರಿಯುತ್ತಿದ್ದಳು. ಹರಿದ ಬಟ್ಟೆ ನೂಲಿನ ಗುಂಟ ನೆಟ್ಟಗೆ ಹೋಗುತ್ತಿತ್ತು. ಅವಳ ಕೌದಿಯಲ್ಲಿ ಅಮೂರ್ತವೂ ಇರಲಿಲ್ಲ. ಇದು ಅಪ್ಪನ ಶಾಲೆಯ ಅಂಗಿ, ಇದು ನನ್ನ ತೊಟ್ಟಿಲ ಬಟ್ಟೆ. ದೀಪ ಆರಿಸಿದ ಮೇಲೂ ಬೆರಳಾಡಿಸಿದರೆ ಅವಳ ಸೆರಗಿನ ತುಂಡು ಎಲ್ಲಿದೆಯೆಂದು ನನಗೆ ತಿಳಿಯುತ್ತಿತ್ತು. ರೇಷ್ಮೆಯಲ್ಲವೇ, ಅಲ್ಲಿ ಮಾತ್ರ ಬೆರಳು ಜಾರುತ್ತಿತ್ತು.

ತುಕ್ಕಿನ ಸಮೇತ ಹೊಲಿದು ಮುಗಿಸಿದೆ. ಅವ್ವನಿಗೆ ವಿಡಿಯೊ ಕರೆ ಮಾಡಿ ತೋರಿಸಿದೆ. ಅವಳು ಮೊಬೈಲನ್ನು ಹತ್ತಿರ ತಂದಳು, ದೂರ ಹಿಡಿದಳು, ಕನ್ನಡಕ ಹಾಕಿಕೊಂಡಳು.

“ಏನೇ ಇದು?”

“ಕಲೆ, ಅವ್ವ.”

“ಕಲೆ ಅಂತ ನನಗೂ ಕಾಣುತ್ತಿದೆ. ನಿಂಬೆಹಣ್ಣು, ಉಪ್ಪು ತಿಕ್ಕಿ ಬಿಸಿಲಿಗೆ ಹಾಕು, ಹೋಗುತ್ತದೆ.”

ನಾನು ಬಾಯಿ ತೆರೆಯುವ ಮೊದಲೇ ಮನೆಯವರು ಉತ್ಸಾಹದಿಂದ ನಿಂಬೆಹಣ್ಣು ತರಲು ಅಡುಗೆಮನೆಗೆ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ ಬಂತು.

“ಈ ಚಾಕು ಮೊಂಡು ಕಣೇ. ನಿನ್ನ ಡಬ್ಬಿ ಎಲ್ಲಿದೆ?”