ಬಿಡುವಿದ್ದವನೇ ಕೌಶಲವಂತ

ಐದು ಮಂದಿ ದುಡಿಯುವ ಸಣ್ಣ ಉದ್ದಿಮೆಯೊಂದಕ್ಕೆ ಮೂರು ದಿನಗಳ ಕೌಶಲಾಭಿವೃದ್ಧಿ ತರಬೇತಿಯ ಆಹ್ವಾನ ಬಂದಾಗ ಮಾಲೀಕನ ತಲೆಯಲ್ಲಿ ಮೊದಲು ಸುಳಿಯುವುದು ಯಾರಿಗೆ ಕಲಿಕೆ ಬೇಕು ಎಂಬ ಪ್ರಶ್ನೆಯಲ್ಲ, ಯಾರಿಲ್ಲದಿದ್ದರೂ ಕೆಲಸ ಸಾಗುತ್ತದೆ ಎಂಬ ಪ್ರಶ್ನೆ. ಒಬ್ಬ ಎದ್ದು ಹೋದರೆ ಉದ್ದಿಮೆಯ ಬಲದ ಐದರಲ್ಲೊಂದು ಪಾಲು ಎದ್ದು ಹೋದಂತೆ. ಐದು ಸಾವಿರ ಮಂದಿಯ ಕಂಪನಿಗೆ ಇದೇ ಲೆಕ್ಕ ಹಾಕಿದರೆ ಒಂದೇ ಬೆಳಿಗ್ಗೆ ಸಾವಿರ ಮಂದಿಯನ್ನು ಕಳುಹಿಸಿಕೊಡಬೇಕಾಗುತ್ತದೆ. ಯಂತ್ರ ನಡೆಸುವವನನ್ನು ಬಿಡುವಂತಿಲ್ಲ, ಲೆಕ್ಕ ಬರೆಯುವವಳನ್ನು ಬಿಡುವಂತಿಲ್ಲ, ಗಿರಾಕಿಗಳನ್ನು ಸಂಭಾಳಿಸುವವನ ಮಾತನ್ನಂತೂ ಎತ್ತುವಂತೆಯೇ ಇಲ್ಲ. ಹೀಗೆ ಸೋಸುತ್ತಾ ಹೋದರೆ ಕೊನೆಗೆ ಜರಡಿಯಲ್ಲಿ ಉಳಿಯುವವನು, ಇದ್ದಾಗಲೂ ಇಲ್ಲದಾಗಲೂ ಉದ್ದಿಮೆಗೆ ವ್ಯತ್ಯಾಸವೇ ತಿಳಿಯದ ಮಹಾನುಭಾವ. ಈ ತರಬೇತಿಗೂ ಅವನೇ, ಮುಂದಿನದಕ್ಕೂ ಅವನೇ. ಗುಣಮಟ್ಟ ನಿಯಂತ್ರಣ, ಡಿಜಿಟಲ್ ಮಾರಾಟ, ಸಮಯಪಾಲನೆ, ನಾಯಕತ್ವ ಎಂದು ಪ್ರಮಾಣಪತ್ರಗಳು ಅವನ ಚೀಲದಲ್ಲಿ ತುಂಬುತ್ತವೆ. ಆ ಉದ್ದಿಮೆಯ ಅತ್ಯಂತ ನುರಿತ ನೌಕರ ಅವನೇ ಎಂದು ದಾಖಲೆಗಳು ಸಾರುತ್ತವೆ. ಯಂತ್ರಗಳಿಗೆ ಓದು ಬರಹ ಬಾರದಿರುವುದರಿಂದ ಅವಕ್ಕೆ ಮಾತ್ರ ಈ ಸಂಗತಿ ಇನ್ನೂ ತಲುಪಿಲ್ಲ.

ತರಬೇತಿಯ ಕೋಣೆಯೊಳಗೆ ಏನು ನಡೆಯುತ್ತದೆ ಎಂದು ಕೇಳುವವರಿಗೆ ಅಲ್ಲಿನ ಪರದೆಯ ಮೇಲಿನ ಪಿರಮಿಡ್ಡನ್ನು ತೋರಿಸಿದರೆ ಸಾಕು. ಓದಿದ್ದರಲ್ಲಿ ಶೇ. 10, ಕೇಳಿದ್ದರಲ್ಲಿ ಶೇ. 20, ಕೈಯಾರೆ ಮಾಡಿದ್ದರಲ್ಲಿ ಶೇ. 90 ನೆನಪಿನಲ್ಲಿ ಉಳಿಯುತ್ತದೆ ಎಂದು ಆ ಪಿರಮಿಡ್ಡು ಹೇಳುತ್ತದೆ. ಇದರ ಮೂಲವೆಂದು ಹೆಸರಿಸಲಾಗುವ ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ ಅವರು 1946ರಲ್ಲಿ ಬಿಡಿಸಿದ ಶಂಕುವಿನಲ್ಲಿ ಒಂದು ಅಂಕಿಯೂ ಇರಲಿಲ್ಲ; ಅಂಕಿಗಳನ್ನು ಆಮೇಲೆ ಯಾರೋ ಅಂಟಿಸಿದರು. ಇರಲಿ, ಆ ಅಂಕಿಗಳನ್ನು ನಿಜವೆಂದೇ ನಂಬಿದರೂ, ಕೇಳಿದ್ದರಲ್ಲಿ ಹೆಚ್ಚಿನದು ಉಳಿಯುವುದೇ ಇಲ್ಲ ಎಂಬ ವಿಚಾರವನ್ನು ತರಬೇತುದಾರರು ಎರಡು ಗಂಟೆ ಕಾಲ ನಮಗೆ ಬಾಯಲ್ಲೇ ಹೇಳಿ ಕೇಳಿಸುವ ಧೈರ್ಯವನ್ನು ಮೆಚ್ಚಲೇಬೇಕು. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು, ಕಲಿತದ್ದರ ಬಹುಪಾಲು ಒಂದೇ ದಿನದಲ್ಲಿ ಮರೆತುಹೋಗುತ್ತದೆ ಎಂದು 1885ರಲ್ಲೇ ಪ್ರಕಟಿಸಿದ್ದರು. ಆ ಪ್ರಯೋಗಕ್ಕೆ ಅವರು ಬೇಕೆಂದೇ ಅರ್ಥವಿಲ್ಲದ ಪದಾಂಶಗಳನ್ನು ಆರಿಸಿಕೊಂಡಿದ್ದರು. ಸಾಮರ್ಥ್ಯವರ್ಧನ, ಸಮನ್ವಯ, ಸಬಲೀಕರಣ ಎಂಬ ನಮ್ಮ ಪರದೆಯ ಪದಾವಳಿಯನ್ನು ಕಂಡಿದ್ದರೆ ಅವರಿಗೆ ಆ ಶ್ರಮವೂ ಉಳಿಯುತ್ತಿತ್ತು.

ಕಲಿಕೆಯನ್ನು ಅಳೆಯುವ ವಿಧಾನವಂತೂ ಇನ್ನೂ ಸೊಗಸು. ತರಬೇತಿಯ ಫಲವನ್ನು ನಾಲ್ಕು ಮೆಟ್ಟಿಲುಗಳಲ್ಲಿ ನೋಡಬೇಕೆಂದು ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಬರೆದರು: ಬಂದವರಿಗೆ ಹಿಡಿಸಿತೇ, ಕಲಿತರೇ, ಕೆಲಸದಲ್ಲಿ ಅದನ್ನು ಬಳಸಿದರೇ, ಅದರಿಂದ ಉದ್ದಿಮೆಗೆ ಒಳಿತಾಯಿತೇ. ನಾವು ಮೊದಲ ಮೆಟ್ಟಿಲಿನ ಮೇಲೆ ಕುರ್ಚಿ ಹಾಕಿಕೊಂಡು ಕುಳಿತಿದ್ದೇವೆ. ಊಟ ಚೆನ್ನಾಗಿತ್ತೇ, ಆಸನ ಹಿತವಾಗಿತ್ತೇ ಎಂಬುದಕ್ಕೆ ಗುರುತು ಹಾಕಿಸಿಕೊಂಡು, ತಲೆಗಳನ್ನು ಎಣಿಸಿ, ಗುಂಪಿನ ಫೋಟೊ ತೆಗೆದರೆ ಕೌಶಲ ಅಭಿವೃದ್ಧಿಯಾಯಿತೆಂದು ಅರ್ಥ.

ಇತ್ತ ಉದ್ದಿಮೆಯಲ್ಲಿ, ಯಂತ್ರದ ಸದ್ದು ಕೊಂಚ ಬದಲಾದರೂ ಅದರ ಯಾವ ಭಾಗ ಸವೆದಿದೆ ಎಂದು ಹೇಳಬಲ್ಲ ಹಿರಿಯ ಕೆಲಸಗಾರನೊಬ್ಬನಿದ್ದಾನೆ. ಹೊಸಬರೆಲ್ಲ ಅವನ ಪಕ್ಕ ನಿಂತೇ ಕೆಲಸ ಕಲಿತಿದ್ದಾರೆ. ಆದರೆ ಅದನ್ನು ತರಬೇತಿ ಎನ್ನುವಂತಿಲ್ಲ, ಏಕೆಂದರೆ ಅದಕ್ಕೆ ಹಾಜರಾತಿ ಪುಸ್ತಕವಿಲ್ಲ, ಉದ್ಘಾಟನೆಯಾಗಿಲ್ಲ, ಹಿಂದೆ ಬ್ಯಾನರ್ ಕಟ್ಟಿಲ್ಲ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ, 1940ರಿಂದ 1945ರವರೆಗೆ, ಅಮೆರಿಕದ ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಯೋಜನೆಯವರು ಇಂಥವರನ್ನೇ ಹುಡುಕಿ ಕಲಿಸುವ ಬಗೆಯನ್ನು ಹೇಳಿಕೊಟ್ಟರು: ಕಲಿಯುವವನನ್ನು ಅಣಿಗೊಳಿಸು, ಮಾಡಿ ತೋರಿಸು, ಅವನಿಂದಲೇ ಮಾಡಿಸು, ಆಮೇಲೆ ಆಗಾಗ ಬಂದು ನೋಡು. ಎರಡೆರಡು ಗಂಟೆಗಳ ಐದು ಪಾಠಗಳಲ್ಲಿ ಇಷ್ಟು ಮುಗಿಯುತ್ತಿತ್ತು. ಕೆಲಸಗಾರ ಕಲಿತಿಲ್ಲವೆಂದರೆ ಕಲಿಸುವವನು ಕಲಿಸಿಲ್ಲ ಎಂಬುದು ಅವರ ಸೂತ್ರವಾಗಿತ್ತು; ಯುದ್ಧ ಮುಗಿದುದರಿಂದ ಅಂಥ ಕಠೋರ ಸೂತ್ರಗಳ ಅಗತ್ಯ ಈಗ ನಮಗಿಲ್ಲ. ನಮ್ಮ ಹಿರಿಯನಿಗೆ ಕಲಿಸುವ ಅರ್ಹತೆ ಬರಬೇಕಾದರೆ ಅವನು ಮೊದಲು ‘ತರಬೇತುದಾರರ ತರಬೇತಿ’ಯನ್ನು ಮುಗಿಸಬೇಕು. ಅವನು ಎದ್ದು ಹೋದರೆ ಯಂತ್ರ ನಿಲ್ಲುತ್ತದೆ. ಆದ್ದರಿಂದ ಅದಕ್ಕೂ ನಮ್ಮ ಮಹಾನುಭಾವನೇ ಹೋಗಿ ಬಂದ.

ಕಲಿಸಿದರೆ ಕಲಿತವನು ಹೆಚ್ಚು ಸಂಬಳಕ್ಕೆ ಬೇರೆಡೆ ಹಾರುತ್ತಾನೆ ಎಂಬ ಭಯ ಮಾಲೀಕರಿಗೆ ಸಹಜ. ಎಲ್ಲೆಡೆಯೂ ನಡೆಯುವ ವಿದ್ಯೆಗೆ ಧಣಿ ಏಕೆ ಹಣ ಸುರಿಯಲು ಹಿಂಜರಿಯುತ್ತಾನೆ ಎಂಬುದನ್ನು ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1964ರಲ್ಲೇ ವಿವರಿಸಿದ್ದರು. ನಮ್ಮ ಮಹಾನುಭಾವನ ವಿಷಯದಲ್ಲಿ ಮಾಲೀಕನಿಗೆ ಆ ಚಿಂತೆಯೇ ಇರಲಿಲ್ಲ. ಆದರೂ ಅವನು ಹಾರಿದ. ಇಷ್ಟು ಪ್ರಮಾಣಪತ್ರಗಳಿರುವ ಮತ್ತೊಬ್ಬನು ಸಿಗದ ಕಾರಣ ತರಬೇತಿ ಸಂಸ್ಥೆಯೊಂದು ಅವನನ್ನು ಪ್ರಧಾನ ತರಬೇತುದಾರನನ್ನಾಗಿ ನೇಮಿಸಿಕೊಂಡಿದೆ. ಅವನ ಮೊದಲ ಶಿಬಿರದ ಆಹ್ವಾನ ನಿನ್ನೆ ಅದೇ ಉದ್ದಿಮೆಗೆ ಬಂದಿದೆ. ಕಳುಹಿಸಲು ಬಿಡುವಿರುವವರು ಯಾರೂ ಉಳಿದಿಲ್ಲವಾದ್ದರಿಂದ, ಹೊಸದಾಗಿ ಒಬ್ಬನನ್ನು ನೇಮಿಸಿಕೊಳ್ಳುವ ಯೋಚನೆಯಲ್ಲಿ ಮಾಲೀಕನಿದ್ದಾನೆ. ಕೆಲಸ ಬರಲೇಬೇಕೆಂಬ ಷರತ್ತನ್ನು ಈ ಬಾರಿ ಕೈಬಿಡಲಾಗಿದೆ.