ಹುಲಿಗೂ ನಾಯಿಗೂ ಕಂಪನಿ ದುಡ್ಡು: ಬೇಕಾ, ಬೇಡ್ವಾ?

2014ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಒಂದು ಕಾನೂನು ಜಾರಿಯಲ್ಲಿದೆ. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ತೆಗೆದಿಡಬೇಕು. ಎಲ್ಲರ ಬಾಯಲ್ಲೂ ಓಡಾಡುವ ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ, ಇದೇ. ಶಾಲೆ, ಆಸ್ಪತ್ರೆಯ ಜೊತೆಗೆ ಪ್ರಾಣಿಗಳ ಆರೈಕೆ, ವನ್ಯಜೀವಿ ರಕ್ಷಣೆಗೂ ಈ ದುಡ್ಡು ಬಳಸಬಹುದು. ಇದನ್ನು ನಂಬಿಕೊಂಡರೆ ಪ್ರಾಣಿಗಳಿಗೆ ಒಳ್ಳೆಯದಾಗುತ್ತಾ?

ಪರ: ಲಸಿಕೆಗೆ ಲೋಗೋ ಅಂಟಿದ್ದರೆ ನಾಯಿಗೇನು?

ಬೀದಿನಾಯಿ ಅಂದ ಕೂಡಲೇ ನಮ್ಮಲ್ಲಿ ಕೂಗಾಟವೇ ಜಾಸ್ತಿ. ಕಾರವಾರದ ಆಚೆ, ಗೋವಾದಲ್ಲಿ, 2013ರಲ್ಲೇ ಕೆಲಸ ಶುರುವಾಯಿತು. ಮಿಷನ್ ರೇಬೀಸ್ ಎಂಬ ಸಂಸ್ಥೆಯವರು ಬಲೆ ಹಿಡಿದು ಓಣಿಗೆ ಇಳಿಯುತ್ತಾರೆ. ಒಬ್ಬರು ನಾಯಿಯನ್ನು ಬಲೆಗೆ ಹಾಕಿಕೊಂಡು ಅಮುಕಿ ಹಿಡಿದರೆ ಇನ್ನೊಬ್ಬರು ಇಂಜೆಕ್ಷನ್ ಚುಚ್ಚುತ್ತಾರೆ. ಒಂಚೂರು ಬಣ್ಣ ಬಳಿದು ಅಲ್ಲೇ ಬಿಟ್ಟುಬಿಡುತ್ತಾರೆ. ಬಣ್ಣ ಕಂಡರೆ ಲಸಿಕೆ ಆಗಿದೆ ಅಂತ ಲೆಕ್ಕ. ಯಾವ ಬೀದಿ ಮುಗಿಯಿತು, ಯಾವುದು ಬಾಕಿ ಅನ್ನುವುದು ಮೊಬೈಲ್ ಆ್ಯಪ್‌ನಲ್ಲಿ ದಾಖಲಾಗುತ್ತದೆ. ಹೀಗೆ ಬರಬರುತ್ತಾ ವರ್ಷಕ್ಕೆ 95,000ಕ್ಕೂ ಹೆಚ್ಚು ನಾಯಿಗಳಿಗೆ ಲಸಿಕೆ ಹಾಕಿದರು. ಅಂದರೆ ನೂರಕ್ಕೆ ಎಪ್ಪತ್ತು ನಾಯಿಗೆ. 2019ರ ಹೊತ್ತಿಗೆ ನಾಯಿಗಳಲ್ಲಿ ರೇಬೀಸ್ ಶೇ 92ರಷ್ಟು ಇಳಿದಿತ್ತು. ಈ ರೋಗಕ್ಕೆ ಜನ ಸಾಯುವುದೂ ನಿಂತಿತ್ತು. 2021ರಲ್ಲಿ ಗೋವಾವನ್ನು ರೇಬೀಸ್ ನಿಯಂತ್ರಿತ ಪ್ರದೇಶ ಎಂದು ಘೋಷಿಸಲಾಯಿತು.

ಲಸಿಕೆ ಬಂದಿದ್ದು ಎಲ್ಲಿಂದ? ಎಂಎಸ್‌ಡಿ ಅನಿಮಲ್ ಹೆಲ್ತ್ ಎಂಬ ಔಷಧ ಕಂಪನಿ ಈ ಸಂಸ್ಥೆಗೆ ಪುಕ್ಕಟೆಯಾಗಿ ಕೊಡುತ್ತಾ ಬಂದಿದೆ. ಅದೇ ಲಸಿಕೆಯನ್ನು ಮಾರುವ ಕಂಪನಿಯೂ ಅದೇ. ದಾನದ ಜೊತೆ ಪ್ರಚಾರವೂ ಆಯಿತು, ನಿಜ. ಆಗಲಿ ಬಿಡಿ. ನಾಯಿ ಕಚ್ಚಿಸಿಕೊಂಡು ಮನೆಗೆ ಓಡಿ ಬರುವ ಮಗುವಿನ ತಾಯಿಗೆ ಆ ಪ್ರಚಾರದಿಂದ ಏನು ನಷ್ಟ?

ಮೈಸೂರು ಮೃಗಾಲಯವನ್ನೇ ನೋಡಿ. ಅದು ಬಹುಪಾಲು ನಡೆಯುವುದು ಟಿಕೆಟ್ ದುಡ್ಡಿನಲ್ಲಿ. 2020ರ ಲಾಕ್‌ಡೌನ್‌ನಲ್ಲಿ ಗೇಟು ಬಿತ್ತು, ಕಾಸು ನಿಂತಿತು. ಲಾಕ್‌ಡೌನ್ ಅಂತ ಆನೆಯ ಹೊಟ್ಟೆ ಕೇಳುತ್ತಾ? ಆಗ ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳಲು ಜನ ಮುಂದೆ ಬಂದರು, ಸಂಸ್ಥೆಗಳೂ ಬಂದವು. ದತ್ತು ತೆಗೆದುಕೊಂಡವರ ಹೆಸರು ಬೋರ್ಡಿನಲ್ಲಿ ಕಾಣುತ್ತದೆ, ತೆರಿಗೆಯಲ್ಲೂ ವಿನಾಯಿತಿ ಸಿಗುತ್ತದೆ. ನಮ್ಮ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೇ ದಾನಿಗಳ ಹೆಸರು ಇರುತ್ತೆ, ಅಲ್ವಾ? ಹಾಗಂತ ಬೆಳಕೇನು ಕಡಿಮೆ ಬಂತಾ?

ಇನ್ನೊಂದು ಮಾತು. ಸಿಎಸ್‌ಆರ್‌ನ ದೊಡ್ಡ ಪಾಲು ಹೇಗಿದ್ದರೂ ಶಿಕ್ಷಣ, ಆರೋಗ್ಯಕ್ಕೇ ಹೋಗುತ್ತದೆ. ಸಾಲಿನ ತುದಿಯಲ್ಲಿ ನಿಂತ ಪ್ರಾಣಿಗಳ ಪಾಲಿಗೆ ಬಂದ ಸ್ವಲ್ಪದಕ್ಕೂ ಉದ್ದೇಶ ಶುದ್ಧವಾ ಅಂತ ತಕ್ಕಡಿ ಹಿಡಿದರೆ, ಕಂಪನಿಯವರು ಸುಮ್ನೆ ಇನ್ನೊಂದು ಶಾಲೆಗೆ ಬೆಂಚು ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ವಿರೋಧ: ಕಾಡಿಗೆ ಬೇಕಾದದ್ದು ತಿಂಗಳ ಸಂಬಳ

2025ರ ಜೂನ್ 26. ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು. ಕಾಡು ಕಾಯುವ ಹೊರಗುತ್ತಿಗೆ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಆಗಿರಲಿಲ್ಲ ಎಂಬ ಸುದ್ದಿಯೂ ಅದರ ಹಿಂದೆಯೇ ಹೊರಬಂತು.

ಆ ಐದು ಹುಲಿ ಬದುಕಲು ಏನು ಬೇಕಿತ್ತು? ದಿನಾ ಬೀಟ್ ಸುತ್ತುವ ವಾಚರ್ ಬೇಕಿತ್ತು. ಅವನ ಸಂಬಳ ಒಂದನೇ ತಾರೀಕಿಗೆ ಆಗಬೇಕಿತ್ತು. ಹಸು ಸತ್ತ ರೈತನಿಗೆ ಅಲೆದಾಡಿಸದೆ ಪರಿಹಾರ ಸಿಗುತ್ತೆ ಅನ್ನುವ ನಂಬಿಕೆ ಬೇಕಿತ್ತು. ಇದ್ಯಾವುದರ ಮುಂದೆಯೂ ನಿಂತು ಫೋಟೊ ತೆಗೆಸಿಕೊಳ್ಳಲು ಆಗುವುದಿಲ್ಲ. ಜೀಪು ಕೊಟ್ಟರೆ ಕೀಲಿಕೈ ಹಸ್ತಾಂತರದ ಸಮಾರಂಭ ಮಾಡಬಹುದು. ಆ ಜೀಪಿಗೆ ಐದನೇ ವರ್ಷ ಡೀಸೆಲ್ ಯಾರು ಹಾಕಿಸಬೇಕು?

ಕಾನೂನಿನ ಅಳತೆಯೇ ಕಾಡಿಗೆ ಹೊಂದುವುದಿಲ್ಲ. ಸಿಎಸ್‌ಆರ್‌ನಲ್ಲಿ ‘ಮುಂದುವರಿಯುವ ಯೋಜನೆ’ ಅಂದರೂ ಶುರುವಾದ ವರ್ಷ ಬಿಟ್ಟು ಮೂರು ವರ್ಷಕ್ಕೆ ಮುಗಿಯಬೇಕು. ಆನೆ ಅರವತ್ತು ವರ್ಷ ಬಾಳುತ್ತದೆ. ಕಂಪನಿ ಇರುವ ಊರಿನ ಸುತ್ತಮುತ್ತ ಮೊದಲು ಖರ್ಚು ಮಾಡಿ ಅಂತಲೂ ಅದೇ ಕಾನೂನು ಹೇಳುತ್ತದೆ. ಆಫೀಸುಗಳಿರುವುದು ಬೆಂಗಳೂರಿನಲ್ಲಿ, ಹುಲಿ ಇರುವುದು ಹನೂರಿನ ಕಡೆ. ಕರ್ನಾಟಕದಲ್ಲಿ 2023ರ ಗಣತಿಯ ಪ್ರಕಾರ 6,395 ಆನೆಗಳಿವೆ. ಬೋರ್ಡ್ ನೆಡಲು ಸಿಗುವುದು ಮೃಗಾಲಯದಲ್ಲಿರುವ ಬೆರಳೆಣಿಕೆಯಷ್ಟು ಮಾತ್ರ. ರಾತ್ರಿ ಕಾಫಿ ತೋಟಕ್ಕೆ ನುಗ್ಗುವ ಸಕಲೇಶಪುರದ ಆನೆಯನ್ನು ಯಾರೂ ದತ್ತು ತೆಗೆದುಕೊಳ್ಳುವುದಿಲ್ಲ.

ಗೋವಾದ ಕೆಲಸ ದೊಡ್ಡದು, ಒಪ್ಪುತ್ತೇನೆ. ಆದರೆ ಅಲ್ಲಿ ರಾಜ್ಯ ಸರ್ಕಾರವೂ ದುಡ್ಡು ಹಾಕಿತು, ವರ್ಷ ವರ್ಷ ಬೆನ್ನು ಹತ್ತಿತು. ಎಲ್ಲಿ, ಎಷ್ಟು ನಾಯಿಗೆ ಚುಚ್ಚಬೇಕು ಅಂತ ನಿರ್ಧರಿಸಿದವರು ಪಶುವೈದ್ಯರು. ಕಂಪನಿ ಲಸಿಕೆ ಕೊಟ್ಟು ಪಕ್ಕಕ್ಕೆ ನಿಂತಿತು. ಇಂಥ ಕಂಪನಿ ಹತ್ತಿದ್ದರೆ ನಾನು ಈ ಲೇಖನ ಬರೆಯುತ್ತಲೇ ಇರಲಿಲ್ಲ.

ನನ್ನ ದೊಡ್ಡ ತಕರಾರು ಬೇರೆ. ಕೊಡುವ ಕೈ ಮತ್ತು ಕೀಳುವ ಕೈ ಒಂದೇ ಆದಾಗ ಏನು ಮಾಡೋದು? ಕುದುರೆಮುಖದಲ್ಲಿ ಕಬ್ಬಿಣದ ಅದಿರಿಗಾಗಿ ಗುಡ್ಡಗಳನ್ನು ಬಗೆಯುತ್ತಿದ್ದ ಕಂಪನಿ ಸರ್ಕಾರದ್ದೇ. ಲಕ್ಷಗಟ್ಟಲೆ ಗಿಡ ನೆಟ್ಟಿದ್ದೇವೆ ಅಂತ ಅದೂ ಹೇಳಿಕೊಳ್ಳುತ್ತಿತ್ತು. ಮಳೆಗಾಲದಲ್ಲಿ ಭದ್ರಾ ನದಿಗೆ ಕೆಂಪು ಮಣ್ಣು ಹರಿಯುವುದು ಗಿಡ ನೆಟ್ಟಿದ್ದಕ್ಕೆ ನಿಲ್ಲಲಿಲ್ಲ. ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಅವರಂಥವರು ಕೋರ್ಟಿಗೆ ಹೋದರು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, 2005ರ ಕೊನೆಗೆ ಗಣಿ ಮುಚ್ಚಿತು. ಶೋಲಾ ಕಾಡು, ಸಿಂಗಳೀಕ ಉಳಿದುಕೊಂಡಿದ್ದು ಆ ಕೇಸಿನಿಂದ. ಇವತ್ತು ಯಾರಾದರೂ ಅಂಥದ್ದೇ ಒಂದು ಕೇಸ್ ಹಾಕಲು ಹೊರಟರೆ, ಯಾವ ಕಂಪನಿ ಸಿಎಸ್‌ಆರ್ ಚೆಕ್ ಬರೆದುಕೊಡುತ್ತೆ ಹೇಳಿ?